ಕಾಲುವೆ ದೋಣಿಗೆ ಹೆಸರಿಡುವ ಮುನ್ನ

ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯವರು ಒಬ್ಬರನ್ನೊಬ್ಬರು ಗುರುತಿಸುವುದು ದೋಣಿಯ ಹೆಸರಿನಿಂದ. ಪಕ್ಕದಲ್ಲಿ ಮೂರು ವಾರ ಲಂಗರು ಹಾಕಿದವರ ಸ್ವಂತ ಹೆಸರು ಮರೆತುಹೋಗಬಹುದು, ಅವರ ದೋಣಿಯ ಹೆಸರು ಮರೆಯುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಮನೆಯ ಹೆಸರು ಹಿಡಿದು ಜನರನ್ನು ಕರೆಯುವುದು ಹುಟ್ಟಿನಿಂದ ಕಂಡ ರೂಢಿ. ಮನೆಗೆ ಅಜ್ಜನ ಅಜ್ಜ ಇಟ್ಟ ಹೆಸರು ಮೊಮ್ಮಕ್ಕಳ ಬೆನ್ನಿಗೂ ಅಂಟಿರುತ್ತದೆ. ಹಾಗಾಗಿ ಈ ದೇಶದಲ್ಲಿ ಒಂದು ಹಳೆಯ ನ್ಯಾರೋಬೋಟ್ ಕೊಂಡಾಗ, ಅದಕ್ಕಿಡುವ ಹೆಸರು ನಮ್ಮ ಮನೆಯವರೆಲ್ಲರ ಹೆಸರಾಗಲಿದೆ ಎಂಬುದು ನನಗೆ ಬೇಗ ಅರ್ಥವಾಯಿತು. ಹೆಸರು ಹುಡುಕುವುದಕ್ಕೆ ನಾವು ಐದು ತಿಂಗಳು ತೆಗೆದುಕೊಂಡೆವು. ಆ ಐದು ತಿಂಗಳಲ್ಲಿ ಕಲಿತದ್ದನ್ನು, ದೋಣಿ ಕೊಳ್ಳುವ ಆಸೆಯಿರುವ ಕನ್ನಡಿಗರಿಗಾಗಿ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ನ್ಯಾರೋಬೋಟ್ ಕಂಡಿರದವರಿಗೆ ಎರಡು ಮಾತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಲಿದ್ದಲು, ಮಡಕೆ, ಧಾನ್ಯ ಸಾಗಿಸಲು ಇಂಗ್ಲೆಂಡಿನ ಉದ್ದಗಲಕ್ಕೂ ಕಾಲುವೆ ತೋಡಿದರು. ನೀರಿನ ಮಟ್ಟ ಏರಿಳಿಯುವ ಕಡೆ ಕಟ್ಟಿದ ಲಾಕ್‌ಗಳು, ಅಂದರೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಸಾಗಿಸುವ ಬಾಗಿಲುಳ್ಳ ತೊಟ್ಟಿಗಳು, ಬಹಳ ಕಡೆ ಸುಮಾರು 7 ಅಡಿ ಅಗಲವಷ್ಟೇ ಇವೆ. ಅದರೊಳಗೆ ನುಸುಳಬೇಕಾದ ದೋಣಿಯ ಅಗಲ 6 ಅಡಿ 10 ಅಂಗುಲ. ಉದ್ದ ಮಾತ್ರ 70 ಅಡಿಯವರೆಗೂ ಹೋಗುತ್ತದೆ. ರೈಲು ಡಬ್ಬಿಯಂತೆ ಉದ್ದವಾದ ಕ್ಯಾಬಿನ್, ಹಿಂದೆ ನಿಂತು ಚುಕ್ಕಾಣಿ ಹಿಡಿಯಲು ಒಂದಿಷ್ಟು ಜಾಗ, ಗಂಟೆಗೆ 4 ಮೈಲಿ ವೇಗದ ಮಿತಿ. ಇಂದು ಸರಕು ಸಾಗಣೆ ಹೆಚ್ಚುಕಡಿಮೆ ನಿಂತಿದೆ. ಜನ ರಜೆ ಕಳೆಯಲು ದೋಣಿ ಇಟ್ಟುಕೊಂಡಿದ್ದಾರೆ, ಸಾವಿರಾರು ಮಂದಿ ಅದರಲ್ಲೇ ವಾಸವಾಗಿದ್ದಾರೆ.

ಹಳೆಯ ಹೆಸರನ್ನು ಮೊದಲು ವಿಚಾರಿಸಿ

ಹೊಸ ದೋಣಿ ಕಟ್ಟಿಸುವವರು ಕಡಿಮೆ. ಹೆಚ್ಚಿನವರು ಬೇರೆಯವರ ಕೈಯಿಂದ ಕೊಳ್ಳುತ್ತಾರೆ, ಅಂದರೆ ದೋಣಿ ಒಂದು ಹೆಸರಿನೊಂದಿಗೇ ಬರುತ್ತದೆ. ಅದನ್ನು ಅಳಿಸುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು: ಇದು ಹಿಂದೆ ಸರಕು ಸಾಗಿಸುತ್ತಿದ್ದ ದೋಣಿಯೇ?

ಹೌದಾದರೆ ದಯವಿಟ್ಟು ಹೆಸರು ಮುಟ್ಟಬೇಡಿ. ಸರಕು ಕಂಪನಿಗಳು ದೋಣಿಗಳಿಗೆ ಮನಸ್ಸಿಟ್ಟು ಹೆಸರಿಡುತ್ತಿದ್ದವು. 1930ರ ದಶಕದಲ್ಲಿ ಗ್ರ್ಯಾಂಡ್ ಯೂನಿಯನ್ ಕೆನಾಲ್ ಕ್ಯಾರಿಯಿಂಗ್ ಕಂಪನಿ ಒಂದು ಸಾಲು ದೋಣಿಗಳಿಗೆ ನಕ್ಷತ್ರ ಮತ್ತು ನಕ್ಷತ್ರಪುಂಜಗಳ ಹೆಸರನ್ನೂ ಇನ್ನೊಂದು ಸಾಲಿಗೆ ಊರುಗಳ ಹೆಸರನ್ನೂ ಕೊಟ್ಟಿತು. ಸ್ಟೋಕ್ ಬ್ರುಯರ್ನ್ ಊರಿನ ಕಾಲುವೆ ವಸ್ತುಸಂಗ್ರಹಾಲಯದ ಮುಂದೆ ನಿಂತಿರುವ ‘ಸ್ಕಲ್ಪ್ಟರ್’ 1935ರ ದೋಣಿ. ಶಿಲ್ಪಿ ಎಂಬ ಅರ್ಥದ ಆ ಹೆಸರು ದಕ್ಷಿಣದ ಆಕಾಶದ ಒಂದು ನಕ್ಷತ್ರಪುಂಜದ್ದು ಎಂದು ತಿಳಿದಾಗ ಅದನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಫೆಲೋಸ್, ಮಾರ್ಟನ್ ಅಂಡ್ ಕ್ಲೇಟನ್ ಕಂಪನಿ 1909ರಲ್ಲಿ ಕಟ್ಟಿದ ಉಗಿ ದೋಣಿ ‘ಪ್ರೆಸಿಡೆಂಟ್’ ಇಂದಿಗೂ ಅದೇ ಹೆಸರಿನಲ್ಲಿದೆ. ಇಂಥ ದೋಣಿಗಳಿಗೆ ನಡುವೆ ಯಾರೋ ಬೇರೆ ಹೆಸರಿಟ್ಟಿದ್ದರೆ, ಮುಂದೆ ಕೊಂಡವರು ದಾಖಲೆ ಹುಡುಕಿ ಮೂಲ ಹೆಸರನ್ನು ಮರಳಿ ಬರೆಸಿದ ಉದಾಹರಣೆಗಳಿವೆ. ಅವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಸರಕು ದೋಣಿಯಲ್ಲದೆ, ಕಳೆದ ಮೂವತ್ತು–ನಲವತ್ತು ವರ್ಷಗಳಲ್ಲಿ ವಿಹಾರಕ್ಕಾಗಿ ಕಟ್ಟಿದ್ದಾದರೆ ಹೆಸರು ಬದಲಿಸಲು ಸಂಕೋಚ ಬೇಡ. ಆದರೂ ಮಾರುವವರನ್ನು ಒಮ್ಮೆ ಕೇಳಿ. ನಮ್ಮ ದೋಣಿಗೆ ಮೊದಲಿದ್ದದ್ದು ಮಾರಿದವರ ತಾಯಿಯ ಹೆಸರು. “ಅದನ್ನು ನಮ್ಮ ಜೊತೆಗೇ ಕರೆದುಕೊಂಡು ಹೋಗುತ್ತೇವೆ” ಎಂದು ಅವರೇ ಹೇಳಿದ ಮೇಲೆ ನಮ್ಮ ಮನಸ್ಸು ಹಗುರವಾಯಿತು.

ಬಾಯಲ್ಲಿ ಹೇಳಿ ನೋಡಿ

ಹೆಸರುಗಳ ಪಟ್ಟಿ ಬರೆಯುವುದು ಎಲ್ಲರೂ ಮಾಡುವ ಕೆಲಸ. ಕಾಗದದ ಮೇಲೆ ಅಂದವಾಗಿ ಕಂಡ ಹೆಸರು ನೀರಿನ ಮೇಲೆ ಸೋಲುವುದನ್ನು ನಾನು ಕಂಡಿದ್ದೇನೆ. ದೋಣಿಯ ಹೆಸರು ಓದುವುದಕ್ಕಿಂತ ಹೆಚ್ಚಾಗಿ ಕೂಗುವುದಕ್ಕೆ, ಕೇಳಿಸಿಕೊಳ್ಳುವುದಕ್ಕೆ ಬಳಕೆಯಾಗುತ್ತದೆ. ಆದ್ದರಿಂದ ಪಟ್ಟಿಯ ಪ್ರತಿ ಹೆಸರನ್ನೂ ಮೂರು ಪರೀಕ್ಷೆಗೆ ಒಡ್ಡಿ.

ಮೊದಲನೆಯದು ಕೂಗಿನ ಪರೀಕ್ಷೆ. ಲಾಕಿನ ಈ ತುದಿಯಲ್ಲಿ ನೀವು, ಎಪ್ಪತ್ತು ಅಡಿ ಆಚೆ ಇನ್ನೊಬ್ಬರು; ನಡುವೆ ಡೀಸೆಲ್ ಎಂಜಿನ್ನಿನ ಗುಡುಗುಡು, ಬಾಗಿಲ ಸಂದಿನಿಂದ ಚಿಮ್ಮುವ ನೀರಿನ ಸದ್ದು. ಆ ಗದ್ದಲದಲ್ಲಿ ಹೆಸರು ಸ್ಪಷ್ಟವಾಗಿ ದಾಟಬೇಕು. ಎರಡು ಮೂರು ಅಕ್ಷರದ, ನಡುವೆ ಗಟ್ಟಿ ವ್ಯಂಜನವಿರುವ ಹೆಸರುಗಳು ಚೆನ್ನಾಗಿ ದಾಟುತ್ತವೆ. ‘ಅವನಿ’, ‘ಇಳಾ’ ಮುಂತಾದವು ಅರ್ಥದಲ್ಲಿ ಚೆಲುವಾಗಿದ್ದರೂ ಗಾಳಿಯಲ್ಲಿ ಕರಗಿಹೋಗುತ್ತವೆ.

ಎರಡನೆಯದು ಫೋನಿನ ಪರೀಕ್ಷೆ. ಎಂಜಿನ್ ಕೆಟ್ಟಾಗ, ಲಂಗರುದಾಣದಲ್ಲಿ ಜಾಗ ಕಾದಿರಿಸುವಾಗ, ವಿಮೆಯವರೊಡನೆ ಮಾತನಾಡುವಾಗ ಹೆಸರನ್ನು ಹೇಳಬೇಕು. ಕನ್ನಡ ಬಾರದ ಒಬ್ಬ ಗೆಳೆಯನಿಗೆ ಫೋನ್ ಮಾಡಿ ಹೆಸರನ್ನು ಒಂದೇ ಒಂದು ಸಲ ಹೇಳಿ, ಅವನು ಬರೆದದ್ದನ್ನು ಕಳಿಸಲು ತಿಳಿಸಿ. ನಾವು ‘ನೇತ್ರಾವತಿ’ಯನ್ನು ಬಿಟ್ಟದ್ದು ಹೀಗೆ: ಮೂವರು ಗೆಳೆಯರಿಂದ ಮೂರು ಬೇರೆ ಬೇರೆ ಹೆಸರುಗಳು ಬಂದವು.

ಮೂರನೆಯದು ರೇಡಿಯೊ ಪರೀಕ್ಷೆ. ಒಳನಾಡಿನ ಕಾಲುವೆಯಲ್ಲೇ ಇರುವವರಿಗೆ ಇದು ಬೇಕಾಗುವುದಿಲ್ಲ. ಲಂಡನ್ನಿನ ಲೈಮ್‌ಹೌಸ್‌ನಿಂದ ಬ್ರೆಂಟ್‌ಫರ್ಡ್‌ವರೆಗೆ ಥೇಮ್ಸ್ ನದಿಯ ಉಬ್ಬರವಿಳಿತದ ನೀರಿನಲ್ಲಿ ಹೋಗುವ ಆಸೆಯಿದ್ದರೆ ಮಾತ್ರ ವಿಎಚ್‌ಎಫ್ ರೇಡಿಯೊದಲ್ಲಿ ಹೆಸರು ಹೇಳಿ ಅಕ್ಷರಗಳನ್ನು ಬಿಡಿಸಬೇಕಾಗುತ್ತದೆ: ಎಂ, ಐ, ಎನ್ ಅಕ್ಷರಗಳಿಗೆ ಮೈಕ್, ಇಂಡಿಯಾ, ನವೆಂಬರ್ ಎಂದು. ಹನ್ನೆರಡು ಅಕ್ಷರದ ಹೆಸರನ್ನು ಹೀಗೆ ಬಿಡಿಸಿ ನೋಡಿದರೆ ಉದ್ದದ ಮೋಹ ತಾನಾಗಿ ಇಳಿಯುತ್ತದೆ. ‘ಮೇಡೇ’ ಮುಂತಾದ ಅಪಾಯದ ಕರೆಗಳನ್ನು ಹೋಲುವ ಹೆಸರು ಯಾವ ಕಾರಣಕ್ಕೂ ಬೇಡ.

ಚಮತ್ಕಾರದ ಹೆಸರುಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಇಲ್ಲಿ ‘ನ್ಯಾರೋ’ ಎಂಬ ಪದದ ಮೇಲೆ, ಕಾಲುವೆಗೆ ದೋಣಿಯವರು ಬಳಸುವ ‘ಕಟ್’ ಎಂಬ ಪದದ ಮೇಲೆ ಶ್ಲೇಷೆ ಮಾಡಿದ ಹೆಸರುಗಳು ಬೇಕಾದಷ್ಟಿವೆ. ಮೊದಲ ದಿನ ನಗು ಬರುತ್ತದೆ. ಹತ್ತು ವರ್ಷ, ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳಬೇಕಾದವರು ನೀವು. ನನಗಂತೂ ಬೇಡ.

ಕನ್ನಡದ ಹೆಸರಾದರೆ ಇನ್ನೊಂದು ಜರಡಿ

ಇಲ್ಲಿ ನಿಧಾನವಾಗಿ ಓದಿ. ನಮ್ಮವರು ಎಡವುವುದು ಇಲ್ಲಿಯೇ. ಕನ್ನಡದ ಹೆಸರು ರೋಮನ್ ಅಕ್ಷರಕ್ಕೆ ಹೋದ ಕೂಡಲೇ ದೀರ್ಘ ಹೋಗುತ್ತದೆ, ಲಕಾರ ಳಕಾರಗಳು ಒಂದಾಗುತ್ತವೆ, ಓದುವವರು ಅದನ್ನು ಇಂಗ್ಲಿಷ್ ಪದವೆಂದೇ ಓದಲು ತೊಡಗುತ್ತಾರೆ.

ನಮ್ಮ ಪಟ್ಟಿಯಲ್ಲಿ ‘ಹೊಳೆ’ ಮೊದಲು ಬಂತು. ತುಂಗೆಯ ದಡದಲ್ಲಿ ಬೆಳೆದವನಿಗೆ ನದಿ ಎಂದರೆ ಹೊಳೆಯೇ. ಎಚ್, ಓ, ಎಲ್, ಇ ಎಂದು ಬರೆದಾಗ ಅದು ‘ಹೋಲ್’ ಆಯಿತು, ಅಂದರೆ ತೂತು. ದೋಣಿಯ ಮೈಮೇಲೆ ಬರೆಸಬಾರದ ಪದ ಯಾವುದಾದರೂ ಇದ್ದರೆ ಅದು ಇದು. ‘ಅಲೆ’ ಬರೆದರೆ ‘ಏಲ್’ ಎಂಬ ಬಿಯರ್ ಆಗುತ್ತದೆ. ‘ಮಳೆ’ ಗಂಡಸು ಎಂಬ ಅರ್ಥದ ‘ಮೇಲ್’ ಆಗುತ್ತದೆ. ‘ತೊರೆ’ಯನ್ನು ‘ಟೋರ್’ ಎಂದು ಓದುತ್ತಾರೆ, ಸೀಳಿತು ಎಂದು ಅರ್ಥ. ನೀರಿಗೆ ಸಂಬಂಧಿಸಿದ ನಮ್ಮ ಅತ್ಯಂತ ಹತ್ತಿರದ ನಾಲ್ಕು ಪದಗಳು ಒಂದೇ ಸಂಜೆ ಕೈಬಿಟ್ಟವು, ಮನೆಯಲ್ಲಿ ಎಲ್ಲರಿಗೂ ಬೇಸರವಾಯಿತು.

ಗಂಟೆಗೆ 4 ಮೈಲಿ ವೇಗಕ್ಕೆ ‘ನಿಧಾನ’ ಎಷ್ಟು ಚೆನ್ನಾಗಿ ಒಪ್ಪುತ್ತದೆ! ‘ಫೆಸ್ಟಿನಾ ಲೆಂಟೆ’, ಅಂದರೆ ಅವಸರವನ್ನೂ ನಿಧಾನವಾಗಿ ಮಾಡು ಎಂಬ ಲ್ಯಾಟಿನ್ ನುಡಿಯನ್ನು ಇಲ್ಲಿ ಹಲವು ದೋಣಿಗಳ ಮೇಲೆ ಕಾಣಬಹುದು. ಅದಕ್ಕೆ ನಮ್ಮ ಒಂದೇ ಪದದ ಸಾಟಿ ಇದು ಎಂದು ಹಿಗ್ಗಿದ್ದೆ. ರೋಮನ್ ಲಿಪಿಯಲ್ಲಿ ಬರೆದು ಊರಿಗೆ ಕಳಿಸಿದೆ. ಅಕ್ಕ ತಕ್ಷಣ ಫೋನ್ ಮಾಡಿ “ನಿಧನ ಅಂತ ಯಾಕೆ ಬರೆದೆ?” ಎಂದಳು. ದೀರ್ಘ ಕಳೆದುಹೋದರೆ ನಿಧಾನಕ್ಕೂ ನಿಧನಕ್ಕೂ ವ್ಯತ್ಯಾಸವೇ ಇಲ್ಲ. ಹಿಂದಿ ಬಲ್ಲವರೂ ಅದನ್ನು ಸಾವೆಂದೇ ಓದುತ್ತಾರೆ. ಅದರ ಬದಲಿಗೆ ‘ಸಾವಧಾನ’ ಇಡೋಣವೆಂದರೆ ನಮಗೆ ಸಮಾಧಾನದ ಆ ಪದ ಹಿಂದಿಯವರಿಗೆ ‘ಎಚ್ಚರಿಕೆ’. ಆದ್ದರಿಂದ ಆರಿಸಿದ ಹೆಸರನ್ನು ರೋಮನ್ ಅಕ್ಷರದಲ್ಲಿ ಬರೆದು, ಕನ್ನಡದವರು ಒಬ್ಬರು, ಬೇರೆ ಭಾರತೀಯ ಭಾಷೆಯವರು ಒಬ್ಬರು, ಇಂಗ್ಲಿಷಿನವರು ಒಬ್ಬರು, ಹೀಗೆ ಮೂವರ ಮುಂದೆ ಏನೂ ವಿವರಿಸದೆ ಇಡಿ. ಅವರು ಓದಿದ್ದೇ ನಿಮ್ಮ ದೋಣಿಯ ಹೆಸರು.

ಜರಡಿಯಲ್ಲಿ ಉಳಿದುಕೊಂಡ ಹೆಸರುಗಳೂ ಇವೆ. ‘ತೆಪ್ಪ’ ಗಿಡ್ಡದು, ಗಟ್ಟಿಯದು, ನೀರಿನದ್ದೇ. ‘ಹರಿಗೋಲು’ ಸ್ವಲ್ಪ ಉದ್ದವಾದರೂ ಓದುವವರು ತಪ್ಪುವುದಿಲ್ಲ, ಜೊತೆಗೆ ಹಂಪಿಯ ತುಂಗಭದ್ರೆಯ ದುಂಡು ದೋಣಿಯ ಕಥೆ ಹೇಳಲು ನೆಪ ಸಿಗುತ್ತದೆ. ‘ಕಾವೇರಿ’, ‘ಸಂಪಿಗೆ’, ‘ಬೆಳಕು’ ಇವಕ್ಕೂ ತೊಡಕಿಲ್ಲ. ದೇವರ ಹೆಸರಿಡುವ ಬಗ್ಗೆ ಕೆಲವರು ಹಿಂಜರಿಯುತ್ತಾರೆ. ಮಲ್ಪೆಯ ಬಂದರಿನಲ್ಲಿ ಮೀನುಗಾರರ ದೋಣಿಗಳ ಮೇಲೆ ದೇವರ ಹೆಸರು ರಾರಾಜಿಸುತ್ತಿರುವಾಗ ಇಲ್ಲಿ ಅಡ್ಡಿಯೇನು? ಕಾಲು ತಾಗುವ ಅಂಚಿನಲ್ಲಿ ಬರೆಸದೆ ಕ್ಯಾಬಿನ್ನಿನ ಎತ್ತರದಲ್ಲಿ ಬರೆಸಿದರೆ ಸಾಕು ಎಂಬುದು ನನ್ನ ಅನಿಸಿಕೆ.

ನಮ್ಮ ಆಯ್ಕೆ ಹೇಗಾಯಿತು ಎಂಬುದನ್ನು ಹೇಳಬೇಕು. ನನಗೆ ತುಂಗೆ ಬೇಕಿತ್ತು, ಶ್ರೀರಂಗಪಟ್ಟಣದ ಕಡೆಯ ನನ್ನ ಹೆಂಡತಿಗೆ ಕಾವೇರಿ. ಮಾತು ಮುಂದೆ ಸಾಗಲಿಲ್ಲ. ಒಂದು ಬೆಳಿಗ್ಗೆ ಚಹಾ ಹಿಡಿದು ದೋಣಿಯ ಹಿಂಬದಿಯಲ್ಲಿ ಕುಳಿತಿದ್ದಾಗ ಎದುರು ದಡದ ವಿಲೋ ಮರದಿಂದ ನೀಲಿ ಗೆರೆಯೊಂದು ನೀರಿನ ಮೇಲೆ ಎಳೆದಂತಾಗಿ ಮಾಯವಾಯಿತು. “ಮಿಂಚುಳ್ಳಿ” ಎಂದಳು. ಇಂಗ್ಲೆಂಡಿನ ಕಾಲುವೆಗಳ ಪುಟ್ಟ ನೀಲಿ ಮಿಂಚುಳ್ಳಿ ನಮ್ಮ ನಾಡಿನ ಹೊಳೆ, ಕೆರೆಗಳಲ್ಲೂ ಇರುವ ಅದೇ ಜಾತಿಯದು. ರಂಗನತಿಟ್ಟಿನಲ್ಲಿ ಅವಳು ಕಂಡದ್ದೂ ತುಂಗೆಯ ಬಂಡೆಯ ಮೇಲೆ ನಾನು ಕಂಡದ್ದೂ ಅದನ್ನೇ. ಇಬ್ಬರ ಹೊಳೆಗಳಿಗೂ ಈ ಕಾಲುವೆಗೂ ಸಲ್ಲುವ ಹೆಸರು ಅದೊಂದೇ ಎನಿಸಿತು. ಇಂಗ್ಲಿಷಿನ ‘ಕಿಂಗ್‌ಫಿಷರ್’ ಇಲ್ಲಿನ ಅತಿ ಸಾಮಾನ್ಯ ದೋಣಿ ಹೆಸರುಗಳಲ್ಲಿ ಒಂದು, ಒಂದೇ ಲಂಗರುದಾಣದಲ್ಲಿ ಎರಡು ಸಿಕ್ಕರೂ ಆಶ್ಚರ್ಯವಿಲ್ಲ. ಅದೇ ಹಕ್ಕಿ ಕನ್ನಡದಲ್ಲಿ ಬಂದಾಗ ಗೊಂದಲವಿಲ್ಲದೆ ನಮ್ಮದಾಯಿತು. ಜರಡಿಯಲ್ಲೂ ಹಿಡಿದೆವು: ಇಂಗ್ಲಿಷಿನವರು ಉಕಾರವನ್ನು ಅಕಾರ ಮಾಡಿ ‘ಮಿಂಚಲ್ಲಿ’ ಎಂದರು. ಮಿಂಚಿನಲ್ಲಿ! ತಪ್ಪಾಗಿ ಓದಿದರೂ ಅರ್ಥ ಕೆಡದ ಹೆಸರು ಸಿಕ್ಕಿದ್ದಕ್ಕೆ ಇಬ್ಬರೂ ಆ ದಿನ ಪಾಯಸ ಮಾಡಿಕೊಂಡು ಉಂಡೆವು.

ಹೆಸರು ಬರೆಸುವಾಗ

ಹೆಸರು ತೀರ್ಮಾನವಾದ ಮೇಲೆ ಒಂದು ತಿಂಗಳು ಸುಮ್ಮನಿರಿ. ಅದನ್ನು ಕಾಗದದ ಮೇಲೆ ಬರೆದು ಕ್ಯಾಬಿನ್ನಿನ ಕಿಟಕಿಗೆ ಅಂಟಿಸಿ, ಮನೆಯವರೆಲ್ಲ ಅದೇ ಹೆಸರಿನಿಂದ ಕರೆಯುತ್ತಿರಿ. ಬಾಯಿಗೆ ಬೇಸರವಾಗದಿದ್ದರೆ ಬಣ್ಣಕ್ಕೆ ಕೈಹಾಕಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಪರವಾನಗಿ ಪಡೆದ ದೋಣಿಗಳು ಹೆಸರನ್ನೂ ನೋಂದಣಿ ಸಂಖ್ಯೆಯನ್ನೂ ಎರಡೂ ಬದಿಯಲ್ಲಿ ಕಾಣುವಂತೆ ಪ್ರದರ್ಶಿಸಬೇಕು. ಒಂದೇ ಹೆಸರು ಎಷ್ಟು ದೋಣಿಗಳಿಗಾದರೂ ಇರಬಹುದು. ದೋಣಿಯನ್ನು ಖಚಿತವಾಗಿ ಗುರುತಿಸುವುದು ಸಂಖ್ಯೆ. ದೋಣಿಯ ಮೈಮೇಲೆ ಗುರುತು ಬರೆಯುವ ಕಟ್ಟಳೆ ಹಳೆಯದು: 1877ರ ಕೆನಾಲ್ ಬೋಟ್ಸ್ ಕಾಯ್ದೆ, ಜನ ವಾಸಿಸುವ ದೋಣಿಗಳನ್ನು ನೋಂದಾಯಿಸಿ ಅವುಗಳ ಮೇಲೆ ಆ ವಿವರ ಬರೆಸಬೇಕೆಂದು ವಿಧಿಸಿತ್ತು. ಮಕ್ಕಳು ಮರಿಗಳೊಂದಿಗೆ ಇಕ್ಕಟ್ಟಿನ ಕ್ಯಾಬಿನ್ನಿನಲ್ಲಿ ಬದುಕುತ್ತಿದ್ದ ಸರಕು ದೋಣಿಯವರ ಆರೋಗ್ಯದ ಕಾಳಜಿ ಆ ಕಾಯ್ದೆಯ ಹಿಂದಿತ್ತು.

ಸಾಂಪ್ರದಾಯಿಕ ಬರವಣಿಗೆ ನೋಡಲು ಬಲು ಚೆಂದ. ದಪ್ಪ ದೊಡ್ಡಕ್ಷರ, ಅದರ ಅಂಚಿಗೆ ನೆರಳಿನಂತೆ ಇನ್ನೊಂದು ಬಣ್ಣ, ಸುತ್ತ ಗುಲಾಬಿ ಮತ್ತು ಕೋಟೆಗಳ ಚಿತ್ರ. ಇದನ್ನು ಕೈಯಿಂದ ಬರೆಯುವ ಕಲಾವಿದರು ಇನ್ನೂ ಇದ್ದಾರೆ. ಅಂಟಿಸುವ ವಿನೈಲ್ ಅಕ್ಷರಗಳು ಅಗ್ಗ, ಬೇಗ ಆಗುತ್ತವೆ, ಕೀಳುವುದೂ ಸುಲಭ. ಹಣ ಹೊಂದಿದರೆ ಕೈಬರಹವನ್ನೇ ಆರಿಸಿ ಎನ್ನುತ್ತೇನೆ. ಕುಂಚದ ಅಕ್ಷರಕ್ಕೆ ಇರುವ ಉಸಿರು ಯಂತ್ರ ಕತ್ತರಿಸಿದ ಹಾಳೆಗೆ ಬರುವುದಿಲ್ಲ.

ಕನ್ನಡ ಲಿಪಿಯಲ್ಲೂ ಬರೆಸುವ ಆಸೆ ನಿಮಗಿದ್ದೇ ಇರುತ್ತದೆ. ಬರೆಸಿ, ರೋಮನ್ ಅಕ್ಷರದ ಹೆಸರನ್ನು ಮಾತ್ರ ಬಿಡಬೇಡಿ. ಪರವಾನಗಿಯಲ್ಲಿರುವುದು ಅದು, ಅಧಿಕಾರಿಗಳು ಓದುವುದೂ ಅದನ್ನೇ. ನಾವು ಮೊದಲು ಒಂದು ಅಂಗಡಿಯಿಂದ ವಿನೈಲ್ ತರಿಸಿದೆವು. ಸುರುಳಿ ಬಿಚ್ಚಿದಾಗ ‘ಮಿಂಚುಳ್‌ಳಿ’ ಎಂದಿತ್ತು: ಒತ್ತಕ್ಷರ ಕೆಳಗಿಳಿಯದೆ, ಪಕ್ಕದಲ್ಲಿ ಒಂದು ಅರ್ಧಾಕ್ಷರವಾಗಿ ಒಡೆದು ನಿಂತಿತ್ತು. ಕೆಲವು ವಿನ್ಯಾಸ ತಂತ್ರಾಂಶಗಳು ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಕಡತವನ್ನು ಆ ಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಆದ್ದರಿಂದ ಅಕ್ಷರಗಳನ್ನು ಎಂದೂ ಪಠ್ಯವಾಗಿ ಕಳಿಸಬೇಡಿ. ರೇಖಾಚಿತ್ರವಾಗಿ ಪರಿವರ್ತಿಸಿ ಪಿಡಿಎಫ್ ಕಳಿಸಿ, ಕತ್ತರಿಸುವ ಮುನ್ನ ಅವರ ಪರದೆಯ ಚಿತ್ರ ತರಿಸಿಕೊಂಡು ನೀವೇ ಓದಿ ಒಪ್ಪಿಗೆ ಕೊಡಿ.

ಎರಡನೆಯ ಸಲ ನಾವು ಕುಂಚದ ಕಲಾವಿದೆಯೊಬ್ಬರ ಬಳಿ ಹೋದೆವು. ಆಕೆಗೆ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ, ಆದರೆ ಕಣ್ಣು ಬಲು ಸೂಕ್ಷ್ಮ. ನಿಜವಾದ ಅಳತೆಯಲ್ಲಿ ನಾನು ಬರೆದುಕೊಟ್ಟ ಹಾಳೆಯ ಗೆರೆಗಳುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಹಾಳೆಯನ್ನು ದೋಣಿಯ ಮೈಗೆ ಅಂಟಿಸಿ, ಸೀಮೆಸುಣ್ಣದ ಪುಡಿಯ ಗಂಟಿನಿಂದ ತಟ್ಟಿದರು. ಹಾಳೆ ತೆಗೆದಾಗ ಹಸಿರು ಬಣ್ಣದ ಮೇಲೆ ಬಿಳಿ ಚುಕ್ಕಿಗಳಲ್ಲಿ ನಮ್ಮ ಹೆಸರು ಮೂಡಿತ್ತು, ಅಂಗಳದ ರಂಗೋಲಿಯ ಹಾಗೆ. ಆಗಲೇ ಆಕೆ ಒಂದು ತೊಡಕನ್ನು ತೋರಿಸಿದರು. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಗೆರೆಯ ಮೇಲೆ ಕೂರುತ್ತವೆ, ಕ್ಯಾಬಿನ್ನಿನ ಚೌಕಟ್ಟುಗಳನ್ನು ರೂಪಿಸಿರುವುದೂ ಆ ಲೆಕ್ಕದಲ್ಲಿ. ನಮ್ಮ ಳಕಾರದ ಒತ್ತು ಕೆಳಗಿಳಿದು ಚೌಕಟ್ಟಿನ ಅಂಚಿನ ಕೆಂಪು ಗೆರೆಗೆ ತಾಗುತ್ತಿತ್ತು. ಮೇಲೆ ಗುಡಿಸು ಬೇರೆ. ಅಕ್ಷರದ ಮುಖ್ಯ ಮೈಯನ್ನು ಕಾಲು ಭಾಗದಷ್ಟು ಚಿಕ್ಕದು ಮಾಡಿ ಇಡೀ ಹೆಸರನ್ನು ಎರಡು ಅಂಗುಲ ಮೇಲಕ್ಕೆ ಸರಿಸಿದ ಮೇಲೆ ಸರಿಹೋಯಿತು. ನೀವು ಅಳತೆ ಕೊಡುವಾಗ ಒತ್ತಕ್ಷರಕ್ಕೂ ಅದರ ನೆರಳಿಗೂ ಕೆಳಗೆ ಜಾಗ ಬಿಟ್ಟೇ ಲೆಕ್ಕ ಹಾಕಿ.

ನೀರಿನಿಂದ ಮೇಲೆತ್ತಿದ ದಿನ

ನೀರಿನಲ್ಲಿರುವಾಗ ದೋಣಿಯ ಹೆಸರು ಬದಲಿಸಿದರೆ ಕೇಡು ಎಂಬ ನಂಬಿಕೆ ದೋಣಿಯವರಲ್ಲಿ ಗಟ್ಟಿಯಾಗಿದೆ. ನಂಬುವವರಿಗೂ ನಂಬದವರಿಗೂ ಅನುಕೂಲವಾದ ದಾರಿಯೊಂದಿದೆ. ಉಕ್ಕಿನ ತಳಕ್ಕೆ ತುಕ್ಕು ಹಿಡಿಯದಂತೆ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಒಣಕಟ್ಟೆಗೆ, ಅಂದರೆ ನೀರು ಖಾಲಿ ಮಾಡಿದ ದುರಸ್ತಿ ಕಟ್ಟೆಗೆ, ತಂದು ಕಪ್ಪು ಬಿಟುಮೆನ್ ಬಳಿಯಬೇಕಾಗುತ್ತದೆ. ಹೆಸರಿನ ಕೆಲಸವನ್ನೂ ಅದೇ ವಾರಕ್ಕೆ ಇಟ್ಟುಕೊಳ್ಳಿ. ದೋಣಿ ಅಲುಗಾಡದೆ ನಿಂತಿರುತ್ತದೆ, ಎರಡೂ ಬದಿಗೆ ಕೈ ಎಟಕುತ್ತದೆ, ಕುಂಚ ನಡುಗುವುದಿಲ್ಲ.

ಹಳೆಯ ಹೆಸರನ್ನು ಎಲ್ಲ ಕಡೆಯಿಂದಲೂ ತೆಗೆಯಿರಿ: ಜೀವರಕ್ಷಕ ಬಳೆ, ಕೀಲಿಗೊಂಚಲು, ಛಾವಣಿಯ ಮೇಲಿನ ಚಿತ್ತಾರದ ನೀರಿನ ಕೊಡ. ‘ಬಕ್‌ಬಿ ಕ್ಯಾನ್’ ಎನ್ನುವ ಆ ಕೊಡದ ಮೇಲೆ ದೋಣಿಯ ಹೆಸರು ಬರೆಸುವುದು ಹಳೆಯ ಸಂಪ್ರದಾಯ. ನಾವು ಹಳೆಯದನ್ನು ಅಳಿಸಲಿಲ್ಲ, ಮಾರಿದವರಿಗೆ ತಲುಪಿಸಿ ಹೊಸದನ್ನು ಬರೆಸಿದೆವು.

ಪೂಜೆ ಮಾಡುವವರು ಒಣಕಟ್ಟೆಯಲ್ಲೇ ಮಾಡಿ, ಒಡೆದ ತೆಂಗಿನಕಾಯಿಯ ಎರಡೂ ಹೋಳುಗಳನ್ನು ಎಣಿಸಿ ಒಳಗೆ ತೆಗೆದುಕೊಳ್ಳಿ. ಲಾಕಿನ ಬಾಗಿಲ ಹಿಂದೆ ಸಿಕ್ಕಿದ ಒಂದು ಚಿಪ್ಪು ಸಾಕು, ಬಾಗಿಲು ಪೂರ್ತಿ ತೆರೆಯದಂತೆ ತಡೆಯುತ್ತದೆ. ಹೂವಿನ ಹಾರದ ದಾರ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ತಣ್ಣನೆಯ ನೀರಿಗೆ ತೋಳು ಇಳಿಸಿ ಕತ್ತರಿಸಬೇಕಾದವರು ನೀವೇ.

ಕಾಗದಪತ್ರಗಳ ಕೆಲಸ ಚಿಕ್ಕದು. ಟ್ರಸ್ಟಿನ ಪರವಾನಗಿಯಲ್ಲಿ ಹೆಸರು ಬದಲಿಸಿ, ಆಮೇಲೆ ವಿಮೆ, ಲಂಗರುದಾಣದ ಒಪ್ಪಂದ, ದುರಸ್ತಿ ಸೇವೆ, ರೇಡಿಯೊ ಇದ್ದರೆ ಅದರ ಪರವಾನಗಿ. ನಾಲ್ಕು ವರ್ಷಕ್ಕೊಮ್ಮೆ ಮಾಡಿಸುವ ದೋಣಿ ಸುರಕ್ಷತಾ ಪ್ರಮಾಣಪತ್ರದಲ್ಲಿ ಹಳೆಯ ಹೆಸರಿದ್ದರೆ, ನೋಂದಣಿ ಸಂಖ್ಯೆ ಅದೇ ಎಂದು ತೋರಿಸುವ ಪತ್ರವನ್ನು ಅದರ ಜೊತೆಗಿಡಿ.

ಬಣ್ಣ ಒಣಗಿದ ಮೇಲೆ ಕೆಲವು ವಾರ ಆ ಭಾಗವನ್ನು ಉಜ್ಜಿ ತೊಳೆಯಬೇಡಿ. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಅದರಲ್ಲೂ ದಕ್ಷಿಣಕ್ಕೆ ಮುಖ ಮಾಡಿದ ಬದಿ. ವರ್ಷವಿಡೀ ಒಂದೇ ಕಡೆ ಕಟ್ಟಿದ ದೋಣಿಯ ಒಂದು ಬದಿಯ ಹೆಸರು ಹೊಳೆಯುತ್ತಿದ್ದರೆ ಇನ್ನೊಂದು ಬದಿಯದು ಪೇಲವವಾಗಿರುತ್ತದೆ. ನಾವು ಎರಡು ತಿಂಗಳಿಗೊಮ್ಮೆ ಹತ್ತಿರದ ವಿಂಡಿಂಗ್ ಹೋಲ್‌ಗೆ, ಅಂದರೆ ಉದ್ದನೆಯ ದೋಣಿ ತಿರುಗಲೆಂದು ಕಾಲುವೆಯನ್ನು ಅಗಲ ಮಾಡಿದ ಜಾಗಕ್ಕೆ ಹೋಗಿ, ದೋಣಿಯನ್ನು ತಿರುಗಿಸಿಕೊಂಡು ಬರುತ್ತೇವೆ. ಹೋಗಿಬರಲು ಅರ್ಧ ದಿನ ಬೇಕು. ಆ ದಿನ ಕನ್ನಡದ ಹೆಸರು ಹೊಲದ ಕಡೆಯಿಂದ ಕಾಲುದಾರಿಯ ಕಡೆಗೆ ಬರುತ್ತದೆ, ರೋಮನ್ ಹೆಸರು ಹೊಲದ ಕಡೆಗೆ ಹೋಗುತ್ತದೆ ಎಂದು ನನ್ನ ಮಗಳು ಕಾಯುತ್ತಿದ್ದಳು. ಎರಡು ಬದಿಗೂ ಎರಡು ಲಿಪಿಗಳಿವೆ ಎಂದು ನಾನು ಹೇಳಿದಾಗ ಓಡಿಹೋಗಿ, ಬಗ್ಗಿ, ಎಣಿಸಿ, ನಾಲ್ಕು ಹೆಸರುಗಳೂ ಸರಿಯಾಗಿವೆ ಎಂದು ಬಂದು ತಿಳಿಸಿದಳು.